ಬಣ್ಣ ನೋಡಿ ಕೊಂಡ ಟ್ರೇಲರ್, ಅಡಿಭಾಗ ನೋಡಿ ಕೊಂಡ ಟ್ರೇಲರ್

ಯಂತ್ರಗಳನ್ನು ಸಾಗಿಸಲು ನಾನು ಕೊಂಡ ಮೊದಲ ಟ್ರೇಲರ್ ಏಳನೆಯ ವರ್ಷಕ್ಕೆ ಕೈಕೊಟ್ಟಿತು. ಸಣ್ಣ ಎಕ್ಸ್‌ಕವೇಟರನ್ನು ಅದರ ಮೇಲೆ ಹತ್ತಿಸುತ್ತಿದ್ದಾಗ ಹಿಂಬದಿಯ ಅಡ್ಡತೊಲೆ ಕುಸಿದು, ಯಂತ್ರದ ಒಂದು ಬದಿಯ ಟ್ರ್ಯಾಕ್ ಹಲಗೆಯನ್ನು ಸೀಳಿಕೊಂಡು ಗೇಣುದ್ದ ಕೆಳಗಿಳಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರವನ್ನು ಇಳಿಸಿದ ಮೇಲೆ ಮುರಿದ ಬಾಕ್ಸ್ ಪೈಪಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಕೆರೆದು ನೋಡಿದೆ. ಪದರ ಪದರವಾಗಿ ಹಿಡಿಗಟ್ಟಲೆ ತುಕ್ಕು ಉದುರಿತು. ಮೂಲದಲ್ಲಿ 3 ಮಿ.ಮೀ. ದಪ್ಪವಿದ್ದ ಗೋಡೆ ಕೆಲವೆಡೆ ರಟ್ಟಿನಷ್ಟು ತೆಳ್ಳಗಾಗಿತ್ತು. ಆದರೆ ಹೊರಮೈಯ ಬಣ್ಣಕ್ಕೆ ಹೆಚ್ಚೇನೂ ಆಗಿರಲಿಲ್ಲ. ಪ್ರತಿ ವರ್ಷವೂ ನಾನೇ ಕೂತು ಬ್ರಷ್‌ನಿಂದ ಬಣ್ಣ ಬಳಿಯುತ್ತಿದ್ದೆನಲ್ಲ, ಆ ಶ್ರಮವೆಲ್ಲ ಸಂದದ್ದು ತುಕ್ಕು ಹಿಡಿಯದ ಬದಿಗೇ.

ಎರಡನೆಯ ಟ್ರೇಲರ್ ಆರಿಸುವಾಗ ಮೊದಲು ತೂಕದ ಲೆಕ್ಕ ಮುಗಿಸಿದೆ. ನನ್ನ ಎಕ್ಸ್‌ಕವೇಟರ್ 1,700 ಕಿಲೋ. ಅದರ ಬಕೆಟ್‌ಗಳು, ನೆಲ ಕುಟ್ಟುವ ಕಾಂಪ್ಯಾಕ್ಟರ್, ಡೀಸೆಲ್ ಕ್ಯಾನ್, ಸರಪಳಿಗಳೆಲ್ಲ ಸೇರಿದರೆ 2,200 ಕಿಲೋ ದಾಟುತ್ತದೆ. ಫಲಕದ ಮೇಲೆ ಬರೆದಿರುವ ಒಟ್ಟು ತೂಕದ ಮಿತಿಯಲ್ಲಿ ಟ್ರೇಲರ್‌ನ ಸ್ವಂತ ತೂಕವೂ ಸೇರಿರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 3,500 ಕಿಲೋ ಮಿತಿಯ ಟ್ರೇಲರ್ ತಾನೇ 800 ಕಿಲೋ ತೂಗಿದರೆ ನಮಗೆ ಉಳಿಯುವುದು 2,700 ಮಾತ್ರ. ಅದು ನನಗೆ ಸಾಕಾಗಿತ್ತು. ಆದ್ದರಿಂದ ಉಳಿದ ಪರಿಶೀಲನೆಯೆಲ್ಲ ತುಕ್ಕಿನ ಸುತ್ತಲೇ ನಡೆಯಿತು.

ಅಲ್ಯೂಮಿನಿಯಂ ಟ್ರೇಲರ್ ಕೊಳ್ಳುವಂತೆ ಹಲವರು ಸಲಹೆ ಕೊಟ್ಟರು. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಅದರ ಸಾಂದ್ರತೆ ಉಕ್ಕಿನದರ ಸುಮಾರು ಮೂರನೆಯ ಒಂದು ಭಾಗ. ಎಳೆಯುವ ವಾಹನದ ಶಕ್ತಿ ಕಡಿಮೆಯಿದ್ದವರಿಗೆ ಅದು ಒಳ್ಳೆಯ ಆಯ್ಕೆಯೇ ಸರಿ. ಆದರೆ ಅದರ ಬಿಗಿತವೂ ಉಕ್ಕಿನ ಮೂರನೆಯ ಒಂದು ಭಾಗವೇ ಆದ್ದರಿಂದ ತೊಲೆಗಳು ಹೆಚ್ಚು ಎತ್ತರವಾಗಿರಬೇಕಾಗುತ್ತದೆ. ಟ್ರೇಲರ್‌ಗಳಿಗೆ ಬಳಸುವ ಗಟ್ಟಿ ಮಿಶ್ರಲೋಹಗಳಲ್ಲಿ ಬೆಸುಗೆಯ ಪಕ್ಕದ ಲೋಹ ಕಾವಿಗೆ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಉಕ್ಕಿನ ಬೋಲ್ಟ್ ನೇರವಾಗಿ ತಗುಲಿರುವ ಕಡೆ ನೀರು, ಉಪ್ಪು ಸೇರಿದರೆ ಅಲ್ಯೂಮಿನಿಯಂ ತಾನೇ ಸವೆದು ಬಿಳಿ ಪುಡಿಯಾಗುತ್ತದೆ. ಉಕ್ಕಿನ ಟ್ರ್ಯಾಕ್‌ಗಳ ಯಂತ್ರವನ್ನು ದಿನಕ್ಕೆರಡು ಬಾರಿ ಹತ್ತಿಸಿ ಇಳಿಸುವ ನನ್ನ ಕೆಲಸಕ್ಕೆ ಅದು ಹೊಂದಲಿಲ್ಲ.

ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯನ್ನು ಕಾವಿನಲ್ಲಿ ಕರಗಿಸಿ ಅಂಟಿಸಿದ ಹೊದಿಕೆ, ಮಾಡಿದ್ದನ್ನೂ ನೋಡಿದೆ. ಕೆಳಗೆ ಉಕ್ಕನ್ನು ಮರಳು ಬ್ಲಾಸ್ಟಿಂಗ್‌ನಿಂದ ಚೊಕ್ಕಗೊಳಿಸಿ ಸತುವಿನ ಪ್ರೈಮರ್ ಹಾಕಿದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಆದರೆ ಸರಪಳಿಯ ಏಟಿಗೆ ಒಂದು ಕಡೆ ಎದ್ದರೆ ನೀರು ಕೋಟಿಂಗ್‌ನ ಅಡಿಯಲ್ಲೇ ಹರಿದಾಡಿ ಇಡೀ ಪಟ್ಟಿಯನ್ನೇ ಎಬ್ಬಿಸುತ್ತದೆ. ಸತು ಹಾಗಲ್ಲ. ಗೀರು ಬಿದ್ದಲ್ಲಿ ಅಕ್ಕಪಕ್ಕದ ಸತುವೇ ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಈ ಒಂದು ಗುಣಕ್ಕಾಗಿಯೇ, ತಯಾರಾದ ಚಾಸಿಯನ್ನು ಇಡಿಯಾಗಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಬೇಕೆಂದು ನಿರ್ಧರಿಸಿದೆ.

ಇಲ್ಲಿಯೇ ನಾನು ಮೋಸಹೋಗುವುದರಲ್ಲಿದ್ದೆ. ಒಬ್ಬ ಮಾರಾಟಗಾರರು ತಮ್ಮ ಟ್ರೇಲರ್ "ಪೂರ್ತಿ ಗ್ಯಾಲ್ವನೈಸ್" ಎಂದು ಒತ್ತಿ ಹೇಳಿದರು. ನಾನು ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಿದಾಗ, ಪೈಪುಗಳೆಲ್ಲ ನಯವಾಗಿ ಹೊಳೆಯುತ್ತಿದ್ದರೂ ಬೆಸುಗೆಗಳ ಮೇಲೆ ಮಾತ್ರ ಬೆಳ್ಳಿ ಬಣ್ಣದ ಸ್ಪ್ರೇ ಕಾಣಿಸಿತು. ಉಗುರಿನಿಂದ ಕೆರೆದರೆ ಅದು ಎದ್ದು ಬಂತು. ಮೊದಲೇ ಸತು ಲೇಪಿಸಿದ ತಗಡಿನಿಂದ ಮಾಡಿದ ಪೈಪುಗಳನ್ನು ತಂದು ಆಮೇಲೆ ಬೆಸೆದಿದ್ದರು. ಅಂತಹ ತಗಡಿನಲ್ಲಿ ಸತುವಿನ ಪದರ ಸಾಮಾನ್ಯವಾಗಿ ಬದಿಗೆ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಆಸುಪಾಸು ಇರುತ್ತದೆ, ಬೆಸೆದ ಕಡೆ ಅದೂ ಸುಟ್ಟುಹೋಗಿರುತ್ತದೆ. ಹಾಟ್ ಡಿಪ್ ಲೇಪನಕ್ಕೆ ಐಎಸ್‌ಒ 1461 ಮಾನದಂಡ ಕೇಳುವ ಸರಾಸರಿ ದಪ್ಪ 3ರಿಂದ 6 ಮಿ.ಮೀ. ಉಕ್ಕಿಗೆ 70 ಮೈಕ್ರಾನ್, ಅದಕ್ಕಿಂತ ದಪ್ಪದ ಉಕ್ಕಿಗೆ 85 ಮೈಕ್ರಾನ್. ಎರಡಕ್ಕೂ "ಗ್ಯಾಲ್ವನೈಸ್" ಎಂಬ ಒಂದೇ ಹೆಸರು ನಡೆಯುತ್ತದೆ.

ಅಂದಿನಿಂದ ಕೋಟಿಂಗ್ ದಪ್ಪ ಅಳೆಯುವ ಮೀಟರನ್ನು ಪರಿಚಯದ ಬಣ್ಣದ ಕೆಲಸದವರಿಂದ ಎರವಲು ಪಡೆದು ಜೇಬಿನಲ್ಲಿಟ್ಟುಕೊಂಡೇ ನೋಡಲು ಹೋಗುತ್ತಿದ್ದೆ. ಮೀಟರ್ ಇಲ್ಲದವರೂ ಕಣ್ಣಿನಿಂದಲೇ ಸಾಕಷ್ಟು ಪತ್ತೆ ಮಾಡಬಹುದು: ಮುಳುಗಿಸಿ ತೆಗೆದ ಚಾಸಿಯಲ್ಲಿ ಬೆಸುಗೆಯ ಮೇಲೂ ಅದೇ ಬೂದು ಹೊದಿಕೆ ಇರುತ್ತದೆ, ಅಂಚುಗಳಲ್ಲಿ ಸತು ಜಿನುಗಿ ಗಟ್ಟಿಯಾದ ಹನಿಗಳು ಸಿಗುತ್ತವೆ, ಟೊಳ್ಳು ಭಾಗಗಳಿಗೆ ತಪ್ಪದೆ ತೂತುಗಳಿರುತ್ತವೆ. ಮುಚ್ಚಿದ ಪೈಪಿನಲ್ಲಿ ತೇವ ಉಳಿದರೆ ಸತುವಿನ ಕಡಾಯಿಯಲ್ಲಿ ಅದು ಆವಿಯಾಗಿ ಸಿಡಿಯುವ ಅಪಾಯವಿರುವುದರಿಂದ ತೂತಿಲ್ಲದೆ ಮುಳುಗಿಸುವಂತೆಯೇ ಇಲ್ಲ. ಅದೇ ತೂತುಗಳು ಮುಂದೆ ಮಳೆನೀರು ಹೊರಹೋಗುವ ದಾರಿಯೂ ಆಗುತ್ತವೆ. ನನ್ನ ಹಳೆಯ ಟ್ರೇಲರ್‌ನ ಅಡ್ಡತೊಲೆಗಳಲ್ಲಿ ಒಂದೇ ಒಂದು ತೂತೂ ಇರಲಿಲ್ಲ. ಬೆಸುಗೆಯ ಸಣ್ಣ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾಗದೆ ಅಲ್ಲೇ ಕೂತಿತ್ತು.

ಕೊನೆಗೆ ಕೊಂಡದ್ದರಲ್ಲಿ ಅಡ್ಡತೊಲೆಗಳು ಒಂದು ಬದಿ ತೆರೆದಿರುವ ಸಿ ಚಾನೆಲ್‌ನವು. ಅವುಗಳ ಒಳಬದಿ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ, ಪೈಪಿನ ನೀರಿಗೆ ಸಿಗುತ್ತದೆ. ಬಿಡಿ ಬಿಡಿಯಾಗಿ ಬೆಸುಗೆ ಹಾಕಿದ ಜೋಡಣೆಗಳಲ್ಲಿ ಎರಡು ಲೋಹಗಳ ನಡುವಿನ ಸಂದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಸುತ್ತಲೂ ಪೂರ್ತಿ ಬೆಸೆದಿರುವುದನ್ನು ಒಂದೊಂದಾಗಿ ನೋಡಿಕೊಂಡೆ. ನೆಲಕ್ಕೆ ಚೆಕರ್ ಪ್ಲೇಟ್ (ಉಬ್ಬು ಗೆರೆಗಳಿರುವ ಲೋಹದ ತಗಡು) ಬೇಡವೆಂದು ದಪ್ಪ ಹಲಗೆಗಳನ್ನೇ ಆರಿಸಿದೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿದ್ದರೆ ಕೆಸರು, ನೀರು ಕೆಳಗೆ ಬೀಳುತ್ತವೆ, ಹಾಳಾದ ಹಲಗೆಯನ್ನು ಒಂದೊಂದೇ ಬದಲಿಸಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಗೆದ್ದಲು ಹಿಡಿಯದಂತೆ ತಾಮ್ರದ ಸಂಯುಕ್ತ ತುಂಬಿಸಿದ ಮರ ಒದ್ದೆಯಾದಾಗ ತನ್ನನ್ನು ಮುಟ್ಟಿದ ಸತುವನ್ನು ಬೇಗ ತಿನ್ನುತ್ತದೆ. ಹಾಗಾಗಿ ಪ್ರತಿ ತೊಲೆಯ ಮೇಲೂ ರಬ್ಬರ್ ಪಟ್ಟಿ ಹಾಸಿ, ದಪ್ಪ ಸತು ಲೇಪನದ ಬೋಲ್ಟ್‌ಗಳಿಂದಲೇ ಹಲಗೆಗಳನ್ನು ಬಿಗಿದೆ.

ಆಕ್ಸಲ್ ವಿಷಯದಲ್ಲಿ ಹಳೆಯ ಪದ್ಧತಿಯ ಕಮಾನು ಪಟ್ಟಿಗಳನ್ನೇ ಉಳಿಸಿಕೊಂಡೆ. ಗಟ್ಟಿ ಸ್ಪ್ರಿಂಗ್ ಉಕ್ಕನ್ನು ಲೇಪನಕ್ಕೆ ಮುಂಚೆ ಆಮ್ಲದಲ್ಲಿ ಅದ್ದಿದಾಗ ಅದು ಹೈಡ್ರೋಜನ್ ಹೀರಿ ಪೆಡಸಾಗುವ ಭಯವಿರುವುದರಿಂದ ನನ್ನವಕ್ಕೆ ಬಣ್ಣ ಮಾತ್ರ ಬಳಿದಿದ್ದಾರೆ. ಪಟ್ಟಿಗಳ ನಡುವೆ ತುಕ್ಕು ಹಿಡಿಯುತ್ತದೆಂದು ಗೊತ್ತಿದ್ದೇ ಕೊಂಡೆ, ಏಕೆಂದರೆ ಅವನ್ನು ಬಿಚ್ಚಿ ಬದಲಿಸುವುದು ಅರ್ಧ ದಿನದ ಕೆಲಸ. ರಬ್ಬರ್ ತುಂಬಿದ ಟಾರ್ಷನ್ ಆಕ್ಸಲ್ ಕೆಟ್ಟರೆ ಇಡಿಯಾಗಿ ಬದಲಿಸಬೇಕಾಗುತ್ತದೆ. ದೀಪಗಳಿಗೆ ಚಾಸಿಯ ಮೂಲಕ ಅರ್ತ್ ಕೊಡದೆ ಪ್ರತ್ಯೇಕ ತಂತಿಯನ್ನೇ ಎಳೆಸಿದೆ. ಹಳೆಯದರಲ್ಲಿ ದೀಪಗಳು ಮಿಣುಕುತ್ತಿದ್ದುದಕ್ಕೆ ಬಲ್ಬ್ ಕಾರಣವಾಗಿರಲಿಲ್ಲ, ಅರ್ತ್ ಸ್ಕ್ರೂವಿನ ಅಡಿಯ ತುಕ್ಕು ಕಾರಣವಾಗಿತ್ತು.

ಸತುವಿಗೂ ತನ್ನದೇ ಆದ ಶತ್ರುಗಳಿವೆ. ಉಪ್ಪು, ಗೊಬ್ಬರ, ಹಸಿ ಸಿಮೆಂಟ್, ಈ ಮೂರೂ ಅದನ್ನು ತಿನ್ನುತ್ತವೆ. ಕಾಂಕ್ರೀಟ್ ಕೆಲಸದ ದಿನ ಸಂಜೆ ಎಷ್ಟೇ ದಣಿವಾಗಿದ್ದರೂ ಬರೀ ನೀರಿನಿಂದ ಅಡಿಭಾಗವನ್ನೂ ತೊಳೆದೇ ಟ್ರೇಲರನ್ನು ನಿಲ್ಲಿಸುತ್ತೇನೆ. ನಿಲ್ಲಿಸುವಾಗ ಮೂತಿಯನ್ನು ತುಸು ಎತ್ತರಿಸಿದರೆ ನೀರು ಹಿಂದಕ್ಕೆ ಇಳಿದುಹೋಗುತ್ತದೆ. ದೂರ ಓಡಿ ಬಿಸಿಯಾದ ಚಕ್ರದ ಗುಂಬವನ್ನು (ಹಬ್) ಕೂಡಲೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗ್‌ಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ತೊಳೆಯುವ ಮುಂಚೆ ಅದು ತಣ್ಣಗಾಗಲು ಬಿಡುತ್ತೇನೆ.

ಈಗ ನಾಲ್ಕನೆಯ ವರ್ಷ ನಡೆಯುತ್ತಿದೆ. ಚಾಸಿ ಹೊಳಪು ಕಳೆದುಕೊಂಡು ಮಂಕು ಬೂದು ಬಣ್ಣಕ್ಕೆ ತಿರುಗಿದೆ, ಅದು ಆಗಲೇಬೇಕಾದದ್ದು. ಕಳೆದ ತಿಂಗಳು ಮೀಟರ್ ಹಿಡಿದು ನೋಡಿದರೆ ಮುಖ್ಯ ತೊಲೆಗಳಲ್ಲಿ ಎಲ್ಲಿಯೂ 80 ಮೈಕ್ರಾನ್‌ಗಿಂತ ಕಡಿಮೆ ಬರಲಿಲ್ಲ. ಕೆಂಪು ತುಕ್ಕು ಇರುವುದು ಒಂದೇ ಕಡೆ: ಸರಪಳಿ ಕಟ್ಟಲು ಇನ್ನೊಂದು ಕೊಂಡಿ ಬೇಕೆಂದು ಎರಡನೆಯ ವರ್ಷ ನಾನೇ ಅವಸರದಲ್ಲಿ ಬೆಸೆದ ಜಾಗದಲ್ಲಿ. ಬೆಸೆಯುವ ಮುಂಚೆ ಸತುವನ್ನು ಉಜ್ಜಿ ತೆಗೆದಿದ್ದೆ, ಹೊಗೆ ವಿಷವೆಂದು ಮುಖವಾಡವನ್ನೂ ಹಾಕಿದ್ದೆ. ಆದರೆ ಸತು ಹೆಚ್ಚಿರುವ ಬಣ್ಣವನ್ನು ನಾಳೆ ಬಳಿದರಾಯಿತೆಂದು ಬಿಟ್ಟವನು ಮರೆತುಬಿಟ್ಟೆ. ಕಳೆದ ವಾರ ಅದನ್ನು ತಂತಿ ಬ್ರಷ್‌ನಿಂದ ಉಜ್ಜಿ ಎರಡು ಕೈ ಬಣ್ಣ ಬಳಿದಿದ್ದೇನೆ. ಇನ್ನೊಂದು ಕೊಂಡಿ ಬೇಕಾದರೆ ಈ ಬಾರಿ ಕ್ಲಾಂಪ್ ಹಾಕಿ ಬೋಲ್ಟ್‌ನಿಂದಲೇ ಬಿಗಿಯುತ್ತೇನೆ.