ಮೂರು ಊರು, ಒಂದೇ ಲ್ಯಾಪ್‌ಟಾಪ್: ನನ್ನ ಅನುಭವ

ವಾರದ ಮೊದಲು ಹುಬ್ಬಳ್ಳಿಯ ಕಚೇರಿ, ನಡುವೆ ಗದಗಿನ ಮುದ್ರಣಾಲಯ, ಪೇಟೆ ಇಲ್ಲದ ದಿನ ನೋಡಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕ ಬರೆಯುವ ನನ್ನ ಕೆಲಸ ಹೀಗೆ ಬಸ್ಸಿನ ಜೊತೆ ಸುತ್ತುತ್ತದೆ. ಮೂರೂ ಕಡೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿಯೇ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆಯಬೇಕು. ಹುಬ್ಬಳ್ಳಿಯಲ್ಲಿ ರೌಟರ್ ತಾನೇ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ನಂಬರು, ಕೊಡುತ್ತದೆ; ಉಳಿದೆರಡು ಕಡೆ ಅಲ್ಲಲ್ಲಿನ ನಂಬರನ್ನು ಕೈಯಿಂದ ತುಂಬಬೇಕು.

‘ಒಂದರಲ್ಲಿ ಆಗುವ ಮಾತಲ್ಲ, ಇನ್ನೊಂದು ಕೊಂಡುಬಿಡಿ ಸರ್’ ಎಂದು ರಿಪೇರಿ ಅಂಗಡಿಯವರು ಹೇಳಿದ್ದರು. ಸುಮಾರು ಹದಿನಾಲ್ಕು ಸಾವಿರ ಕೊಟ್ಟು ಹಳೆಯದೊಂದನ್ನು ಕೊಂಡೆ. ಬೇಕಾದ ಫೈಲು ಯಾವಾಗಲೂ ಮನೆಯಲ್ಲಿ ಬಿಟ್ಟ ಲ್ಯಾಪ್‌ಟಾಪಿನಲ್ಲೇ ಇರುತ್ತಿತ್ತು. ಕೊನೆಗೆ ಒಂಬತ್ತು ಸಾವಿರಕ್ಕೆ ಮಾರಿದೆ.

ಆಮೇಲೆ ನಂಬರು ಬರೆದಿಟ್ಟ ಚೀಟಿ ನೋಡಿ ಐಪಿಯನ್ನು ಕೈಯಿಂದಲೇ ಬದಲಿಸತೊಡಗಿದೆ. ಗದಗಿನಲ್ಲಿ, ಅದೂ ಲಗ್ನಸರಾಯಿಯಲ್ಲಿ, ಕೊನೆಯ ಅಂಕಿ 41 ಎಂದು ತುಂಬುವ ಬದಲು 14 ಎಂದು ತುಂಬಿದೆ. ಅದು ಪ್ಲೇಟ್ ತೆಗೆಯುವ ಕಂಪ್ಯೂಟರಿನ ನಂಬರು. ಆಗ ಅದು ಬಂದ್ ಇದ್ದುದರಿಂದ ನನ್ನದು ನಡೆಯಿತು. ಚಾಲೂ ಮಾಡಿದಾಗ ಅದಕ್ಕೆ ನೆಟ್‌ವರ್ಕೇ ಸಿಗಲಿಲ್ಲ. ಲಗ್ನಪತ್ರಿಕೆಗಳ ಕೆಲಸ ಒಂದೂವರೆ ತಾಸು ನಿಂತಿತು. ಮಾಲೀಕರು ಒಂದು ಮಾತೂ ಆಡದೆ ಚಹಾ ತರಿಸಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ವಿಂಡೋಸ್‌ನಲ್ಲಿರುವ ಆಲ್ಟರ್ನೇಟ್ ಕಾನ್ಫಿಗರೇಶನ್ ಅರ್ಧ ದಾರಿ ತಲುಪಿಸಿತು. ರೌಟರ್ ಐಪಿ ಕೊಡದಿದ್ದರೆ ನಾವು ಬರೆದಿಟ್ಟದ್ದನ್ನು ಅದು ಹಿಡಿಯುತ್ತದೆ, ಆದರೆ ಬರೆದಿಡಲು ಜಾಗ ಒಂದೇ ಊರಿಗೆ. ಧಾರವಾಡದ ಮನೆಯಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಹಾಕಿಯೂ ನೋಡಿದೆ. ಊರಿಗೊಂದರಂತೆ ಸೆಟ್ಟಿಂಗ್ ಬರೆದಿಡುವ ಪ್ರೊಫೈಲುಗಳನ್ನು ಎಷ್ಟು ಬೇಕಾದರೂ ಉಳಿಸಿಕೊಳ್ಳಬಹುದು, ಬಹಳ ಹಿಡಿಸಿತು. ಆದರೆ ಸಿಕ್ಕಿಸಿದ ಕೇಬಲ್ ಯಾವ ಊರಿನದೆಂದು ಅದಕ್ಕೂ ತಾನಾಗಿ ತಿಳಿಯದು. ವೈಫೈ ಆಗಿದ್ದರೆ ವಿಂಡೋಸ್ 10 ಒಂದೊಂದು ವೈಫೈ ಹೆಸರಿಗೂ ಬೇರೆ ಐಪಿ ನೆನಪಿಡುತ್ತದೆ. ಆದರೆ ಬ್ಯಾಡಗಿಯ ಗೋದಾಮಿನ ದಪ್ಪ ಗೋಡೆಗಳ ನಡುವೆ ವೈಫೈ ನಿಲ್ಲುವುದಿಲ್ಲ.

ಕೊನೆಗೆ ಐಪಿ ಬದಲಿಸುವ ನೆಟ್‌ಶೆಲ್ ಆದೇಶಗಳನ್ನು, ಸಾಲಾಗಿ ತಾನೇ ಓಡಿಸುವ ಬ್ಯಾಚ್ ಫೈಲಿಗೆ ಹಾಕಿದೆ. ಗೇಟ್‌ವೇಗೆ, ಅಂದರೆ ರೌಟರಿನ ಐಪಿಗೆ, ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುವುದೇ ನೋಡಿ) ಊರು ಗುರುತಿಸಲು ಹೋದರೆ ಗದಗಿನಲ್ಲೂ ಬ್ಯಾಡಗಿಯಲ್ಲೂ ಅದು 192.168.1.1! ಬ್ಯಾಡಗಿಯಲ್ಲಿ ಕುಳಿತ ಲ್ಯಾಪ್‌ಟಾಪ್ ಗದಗಿನ ನಂಬರು ಹಾಕಿಕೊಂಡಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಐಪಿ ಒಂದೇ ಆದರೂ ಎರಡು ರೌಟರುಗಳ ಮ್ಯಾಕ್ ವಿಳಾಸ (ತಯಾರಿಸುವಾಗಲೇ ಯಂತ್ರಕ್ಕೆ ಕೊಡುವ ಗುರುತು) ಒಂದೇ ಇರುವುದಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಈಗ ಪಿಂಗ್ ಆದ ಮೇಲೆ ಯಾವ ಐಪಿಗೆ ಯಾವ ಮ್ಯಾಕ್ ಎಂದು ತೋರಿಸುವ ಎಆರ್‌ಪಿ ಪಟ್ಟಿಯಿಂದ ಮ್ಯಾಕ್ ಓದಿ ಊರು ಹಿಡಿಯುತ್ತೇನೆ. ಹೇಳಿಟ್ಟ ಕೆಲಸವನ್ನು ತಾನೇ ಶುರು ಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಈ ಫೈಲನ್ನು ಜೋಡಿಸಿರುವುದರಿಂದ ಕೇಬಲ್ ಸಿಕ್ಕಿಸಿ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಟ್ಯಾಲಿ ತೆರೆಯುತ್ತದೆ. ನಮ್ಮ ಕಡೆಯ ಲೆಕ್ಕಿಗರಲ್ಲಿ ಇದನ್ನು ಮಾಡಿಕೊಂಡವರನ್ನು ನಾನಂತೂ ಇನ್ನೂ ಕಂಡಿಲ್ಲ. ಪಿಂಗ್ ಮಾಡಲು ಮೊದಲೊಂದು ತಾತ್ಕಾಲಿಕ ಐಪಿ ಬೇಕು. ಬೇರೆಯವರ ನಂಬರಿಗೆ ತಾಗದಂತೆ ಅದನ್ನು ಆರಿಸುವ ಉಪಾಯ ನನ್ನಲ್ಲೇ ಇರಲಿ.

ಈ ಸಲ ಅಡ್ಡಮಳೆಯ ಸಿಡಿಲಿಗೆ ಬ್ಯಾಡಗಿಯ ರೌಟರ್ ಸುಟ್ಟಿತು. ಹೊಸದರ ಬೆನ್ನಿಗಂಟಿದ ಚೀಟಿಯಿಂದ ಮ್ಯಾಕ್ ನೋಡಿಕೊಂಡು ಫೈಲಿನಲ್ಲಿ ಒಂದು ಸಾಲು ತಿದ್ದಿದೆ, ಅಷ್ಟೇ.