ರಾಯಚೂರು ಕೋಟೆ: ಯುದ್ಧದ ಗಾಯ ಯಾವುದು, ಮಳೆಯ ಗಾಯ ಯಾವುದು

ರೈಲಿನಲ್ಲಿ ರಾಯಚೂರಿಗೆ ಬಂದಿಳಿದವರಿಗೆ ಕೋಟೆ ದೂರವೇನಲ್ಲ, ಎರಡು ಕಿ.ಮೀ. ಆಸುಪಾಸು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ಇದೇ ಊರಿನಲ್ಲಿ. ಬಳ್ಳಾರಿಯವರು ಗುಂತಕಲ್‌ನಲ್ಲಿ ಗಾಡಿ ಬದಲಿಸಿ ಆದೋನಿ, ಮಂತ್ರಾಲಯಂ ರೋಡ್ ದಾಟಿ ಬರಬಹುದು. ಬಸ್ಸಿಗೆ ಬರುವುದಾದರೆ ಸಿರುಗುಪ್ಪ, ಸಿಂಧನೂರು, ಮಾನ್ವಿ ದಾರಿ. ಕೊಪ್ಪಳದವರಿಗೆ ಗಂಗಾವತಿ-ಸಿಂಧನೂರು ಮೇಲಿನ ಬಸ್ಸೇ ಸರಿ, ಬಸ್ ಸ್ಟ್ಯಾಂಡಿನಿಂದ ಕೋಟೆಗೆ ಆಟೋ ಕೂಡ ಬೇಡ.

ಬರುವುದು ನವೆಂಬರಿನಿಂದ ಫೆಬ್ರವರಿಯೊಳಗೆ ಇರಲಿ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ದಿನದ ಮಾತು, ಕಣಶಿಲೆ (ಗ್ರಾನೈಟ್) ಆ ಕಾವನ್ನು ಹೀರಿಕೊಂಡು ಸಂಜೆವರೆಗೂ ಉಗುಳುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ತಲೆಗೆ ಸುತ್ತಲು ಒಂದು ಟವೆಲ್, ಹಿಡಿತವಿರುವ ಬೂಟು. ಚಪ್ಪಲಿಯಲ್ಲಿ ಬಂದರೆ ನುಣುಪು ಬಂಡೆಯ ಮೇಲೆ ಜಾರುತ್ತೀರಿ, ಜಾಲಿಮುಳ್ಳಂತೂ ಅಟ್ಟೆ ತೂರಿ ಬರುತ್ತದೆ. ಇದರ ಜೊತೆ 15 ಮೀಟರಿನ ಟೇಪು, ಒಂದು ಟಾರ್ಚು. ಎರಡೂ ಯಾಕೆಂದು ಮುಂದೆ ಗೊತ್ತಾಗುತ್ತದೆ. ವಗ್ಗಾಣಿ-ಮಿರ್ಚಿ (ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ತಿಂದೇ ಹೊರಡುವುದು ಈ ಕಡೆಯ ರೂಢಿ. ವಗ್ಗಾಣಿ ತಿನ್ನಿ, ಮಿರ್ಚಿಯನ್ನು ಗುಡ್ಡ ಇಳಿದ ಮೇಲಿಗೆ ಇಟ್ಟುಕೊಳ್ಳಿ. ಮೇಲೆ ನೀರಡಿಕೆಯಾದರೆ ಅಂಗಡಿ ಇಲ್ಲ.

ಬೆಳಿಗ್ಗೆ ಆರೂಮುಕ್ಕಾಲಿಗೆ ಶುರು ಮಾಡಿ, ಮೊದಲು ಗುಡ್ಡ ಹತ್ತಿಬಿಡಿ. ಬಾಲಾಹಿಸಾರ್ ಎನ್ನುವ ಈ ನೆತ್ತಿ ಸುತ್ತಲಿನ ಬಯಲಿನಿಂದ 290 ಅಡಿ ಎತ್ತರ. ಮೇಲೆ 20 ಅಡಿಗೂ ಉದ್ದದ ತೋಪೊಂದಿದೆ (ಫಿರಂಗಿ), ಎಲ್ಲರೂ ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಅದಕ್ಕೆ ಬೆನ್ನು ಮಾಡಿ ಕೆಳಗೆ ನೋಡಿ. ಒಳಗೋಡೆ, ಹೊರಗೋಡೆ, ಅದರಾಚೆ ಕಂದಕ, ನಡುವೆ ತುಂಬಿಕೊಂಡ ಊರು, ಎಲ್ಲ ನಕಾಶೆ ಬಿಡಿಸಿದಂತೆ ಕಾಣುತ್ತದೆ. ಪಶ್ಚಿಮದ ಸೈಲಾನಿ ದರ್ವಾಜಾ, ಪೂರ್ವದ ಸಿಕಂದರಿ ದರ್ವಾಜಾ ಒಳಗೋಡೆಯವು. ಮೆಕ್ಕಾ, ನವರಂಗಿ, ಕಾಟಿ, ಖಂದಕ, ದೊಡ್ಡಿ ದರ್ವಾಜಾಗಳು ಹೊರಗೋಡೆಯವು. ಇದನ್ನು ಮೇಲಿಂದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳದೆ ಕೆಳಗೆ ಗಲ್ಲಿ ಹೊಕ್ಕರೆ ಅರ್ಧ ದಿನ ಅಲ್ಲೇ ಸುತ್ತುತ್ತೀರಿ.

ಒಳಗೋಡೆ ಕಾಕತೀಯರ ಕಾಲದ್ದು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನೆಂದು ಗೋಡೆಯಲ್ಲಿಯೇ ಬರೆದಿದೆ. ಹೊರಗೋಡೆ ಬಹುಪಾಲು ಆದಿಲ್‌ಶಾಹಿ ಕೆಲಸ. ನಡುವೆ 1520ರ ಯುದ್ಧ. ಕೃಷ್ಣೆ-ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ತಲೆಮಾರುಗಟ್ಟಲೆ ನಡೆದ ಜಗಳದಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆ ಹಿಡಿದದ್ದು ಆಗ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಸುಮಾರು ಹದಿನೈದು ವರ್ಷದ ನಂತರ ಬರೆದಿಟ್ಟ ವಿವರ ಇವತ್ತಿಗೂ ಗೋಡೆ ಓದಲು ಕೀಲಿಕೈ. ಗಾರೆ ಇಲ್ಲದೆ ದೊಡ್ಡ ಕಲ್ಲು ಜೋಡಿಸಿ, ಒಳಗೆ ಮಣ್ಣು ತುಂಬಿದ ಗೋಡೆ ಇದು ಎನ್ನುತ್ತಾನೆ. ಮುತ್ತಿಗೆ ಹಾಕಿದವರು ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೆ ಬಂದರು. ಕಿತ್ತ ಕಲ್ಲಿಗೆ ಸರದಾರರು 10ರಿಂದ 50 ಪಣದವರೆಗೆ (ಆ ಕಾಲದ ನಾಣ್ಯ) ಎಣಿಸಿ ಕೊಟ್ಟರು. ಮೇಲಿನ ತೋಪುಗಳಿಗೆ ಬುಡದಲ್ಲಿದ್ದವರನ್ನು ಹೊಡೆಯಲು ಮೂತಿ ಬಗ್ಗಿಸಲಾಗಲಿಲ್ಲ.

ಹೀಗಾಗಿ ಇಲ್ಲಿ ಗುಂಡಿನ ತೂತು ಹುಡುಕಿಕೊಂಡು ಬಂದವರಿಗೆ ನಿರಾಸೆಯೇ. ಗೆದ್ದವನು ಮೊದಲು ಮಾಡಿದ ಕೆಲಸ ದುರಸ್ತಿ, ಆಮೇಲೆ ಬಂದವರದೂ ಅದೇ. ನೋಡಬೇಕಾದದ್ದು ತೇಪೆಯನ್ನು.

ತೇಪೆ ಗುರುತಿಸುವುದಕ್ಕೆ ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ನಿಂತು ಕಲ್ಲಿನ ಸಾಲುಗಳನ್ನು ನೋಡಿ. ಮೂಲ ಸಾಲು ಅಡ್ಡಡ್ಡ ನೇರವಾಗಿ ಓಡುತ್ತದೆ, ಸಂದಿಯಲ್ಲಿ ಚಾಕು ತೂರದು. ಸಾಲು ಎಲ್ಲಿ ಮುರಿಯುತ್ತದೋ, ಕಲ್ಲು ಎಲ್ಲಿ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೋ, ಸಂದಿಯಲ್ಲಿ ಬಿಳಿ ಗಚ್ಚು ಎಲ್ಲಿ ಕಾಣುತ್ತದೋ ಅಲ್ಲಿ ಗೋಡೆ ಒಮ್ಮೆ ಬಿದ್ದಿದೆ. ಗುಡಿಯ ಕಂಬದ ತುಂಡು, ತಲೆಕೆಳಗಾದ ಶಿಲ್ಪ ಸಿಕ್ಕಿಕೊಂಡಿದ್ದರೆ ಕೈಗೆ ಸಿಕ್ಕಿದ್ದನ್ನು ಹಾಕಿ ಅವಸರದಲ್ಲಿ ಮುಚ್ಚಿದ್ದಾರೆ ಎಂದರ್ಥ. ಬೂದು ಸಿಮೆಂಟು ಕಂಡರೆ ಅದು ನಮ್ಮ ಕಾಲದ್ದು, ಮುಂದೆ ಹೋಗಿ.

ಹೆಚ್ಚು ಜನ ಮೋಸಹೋಗುವುದು ಚೌಕ ಕುಳಿಗಳನ್ನು ನೋಡಿ. ಬಂಡೆಯ ಮೇಲೆ, ಗೋಡೆ ಕಲ್ಲಿನ ಅಂಚಿನಲ್ಲಿ ಗೇಣಿಗೊಂದರಂತೆ ಸಾಲಾಗಿ ಕುಳಿಗಳಿರುತ್ತವೆ. ಗುಂಡೇಟು ಎಂದು ಬಂದವರಿಗೆಲ್ಲ ತೋರಿಸುವವರಿದ್ದಾರೆ. ಅವು ಕಲ್ಲುಕುಟಿಗರು ಬಂಡೆ ಸೀಳಲು ಬೆಣೆ ಹೊಡೆದ ಗುರುತು. ಗುಂಡು ಸಾಲು ಹಿಡಿದು ಬೀಳುವುದಿಲ್ಲ. ತೋಪಿನ ಏಟಾದರೆ ತಟ್ಟೆಯಂಥ ಗುಂಡನೆಯ ತಗ್ಗು, ಅಂಚಿನಲ್ಲಿ ಚಕ್ಕೆ ಎದ್ದಿರುತ್ತದೆ, ನಡುವಿನಿಂದ ಬಿರುಕು ಸುತ್ತಲೂ ಹರಡಿರುತ್ತದೆ.

ಇನ್ನು ಈಚೆಗೆ ಬಿದ್ದ ಗೋಡೆ. ಬುಡ ನೋಡಿ. ಕಲ್ಲುಗಳು ಒಂದೇ ಗುಡ್ಡೆಯಾಗಿ ಹೊರಕ್ಕೆ ಚೆಲ್ಲಿದ್ದು, ಮೇಲೆ ಅರಳಿಯೋ ಬಸರಿಯೋ ಬೇರು ಬಿಟ್ಟಿದ್ದರೆ ಅದು ಮಳೆ ಮತ್ತು ಮರದ ಕೆಲಸ. ಒಳಗಿನ ಮಣ್ಣು ನೀರು ಕುಡಿದು ಉಬ್ಬುತ್ತದೆ, ಗೋಡೆ ಮೊದಲು ಹೊಟ್ಟೆ ಬಿಡುತ್ತದೆ, ಒಂದು ಜೋರು ಮಳೆಗೆ ಬೀಳುತ್ತದೆ. ಗೋಡೆ ಇಲ್ಲ, ಬುಡದಲ್ಲಿ ಕಲ್ಲೂ ಇಲ್ಲ ಎಂದರೆ ಅದು ಯಾರದೋ ಮನೆ ಪಾಯಕ್ಕೆ ಹೋಗಿದೆ. ಹೊಟ್ಟೆ ಬಿಟ್ಟ ಗೋಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಬೇಡಿ. ಮಳೆಗಾಲ ಮುಗಿದ ಮೊದಲ ತಿಂಗಳಲ್ಲಂತೂ ಗೋಡೆಯ ಎತ್ತರದಷ್ಟು ದೂರ ಬಿಟ್ಟೇ ನಡೆಯಿರಿ. ಕಲ್ಲಿನ ಸಂದಿಗೆ ಕೈ ಹಾಕುವುದೂ ಬೇಡ, ಹಾವು-ಚೇಳಿಗೆ ಅವೇ ಮನೆ.

ಬಿಸಿಲೇರುವ ಮೊದಲು ಪೂರ್ವದ ಸಿಕಂದರಿ ದರ್ವಾಜಾ ಕಡೆ ಮುಗಿಸಿ. ಕೃಷ್ಣದೇವರಾಯ ಬೀಡುಬಿಟ್ಟದ್ದು ಪೂರ್ವ ದಿಕ್ಕಿನಲ್ಲಿ. ಗೋಡೆ ಮನೆಗಳ ಬೆನ್ನಿಗೆ ಹತ್ತಿಕೊಂಡ ಕಡೆ ನೇರ ನುಗ್ಗಬೇಡಿ, ಬಾಗಿಲಲ್ಲಿ ನಿಂತು "ಅಕ್ಕಾರ, ಗ್ವಾಡಿ ನೋಡ್ಕೊಂಡು ಹೋಗ್ತೀವ್ರಿ" ಎಂದರೆ ಸಾಕು. ಬಹಳ ಸಲ ಚಹಾ ಕೂಡ ಸಿಗುತ್ತದೆ. ಕ್ಯಾಮೆರಾ ಆಮೇಲೆ ತೆಗೆಯಿರಿ. ಬುರುಜು ಹತ್ತಲು ದಾರಿ ಸಿಕ್ಕಲ್ಲಿ ಗೋಡೆಯ ತೆನೆಗಳನ್ನು (ಮೇಲಂಚಿನ ಹಲ್ಲಿನಂಥ ಸಾಲು), ಅವುಗಳಲ್ಲಿನ ಕಿಂಡಿಗಳನ್ನು ಗಮನಿಸಿ. ಕೃಷ್ಣದೇವರಾಯನ ಕಡೆ ನಿಂತ ಕ್ರಿಸ್ಟೊವಾಂವ್ ದೆ ಫಿಗುಯೆರೆದೊ ಎಂಬವನ ಜೊತೆ ಬಂದ 20 ಮಂದಿ ಪೋರ್ಚುಗೀಸ್ ಕೋವಿಕಾರರು ಗೋಡೆಯ ಮೇಲೆ ಧೈರ್ಯವಾಗಿ ಓಡಾಡುತ್ತಿದ್ದವರನ್ನು ಗುರಿಯಿಟ್ಟು ಕೆಡವಿದ್ದರು. ಏನಾಗುತ್ತಿದೆ ನೋಡಲು ಹೊರಕ್ಕೆ ಬಾಗಿದ ಕೋಟೆಯ ಮುಖ್ಯಸ್ಥನೂ ಹಾಗೇ ಸತ್ತ, ಕೋಟೆ ಶರಣಾಯಿತು. ಕಿಂಡಿಯ ಹಿಂದೆ ಒಮ್ಮೆ ಕೂತು ಹೊರಗೆ ಕಣ್ಣಿಟ್ಟರೆ ಅದರ ಬೆಲೆ ತಿಳಿಯುತ್ತದೆ.

ಮಧ್ಯಾಹ್ನಕ್ಕೆ ಪಶ್ಚಿಮದ ಒಳಗೋಡೆಗೆ ಬನ್ನಿ. 1294ರ ಆ ಶಾಸನದ ಕಲ್ಲು ಇರುವುದು ಇಲ್ಲಿ, ಉದ್ದ 41 ಅಡಿ 6 ಇಂಚು. ಟೇಪು ಹಿಡಿದರೆ 12.65 ಮೀಟರ್, ಒಂದೇ ಕಲ್ಲು. ತೆಲುಗು ಶಾಸನದ ಜೊತೆ ಈ ಕಲ್ಲನ್ನೇ ತಂದ ಬಗೆಯ ಚಿತ್ರವನ್ನೂ ಕೊರೆದಿದ್ದಾರೆ: ಗಟ್ಟಿ ಚಕ್ರದ ಬಂಡಿ, ಮುಂದೆ ಕೋಣಗಳ ಸಾಲು, ಹುರಿದುಂಬಿಸುವ ಆಳುಗಳು, ಹಿಂದಿನಿಂದ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುವವರು. 226 ವರ್ಷದ ನಂತರ ಇದೇ ಊರಿನ ಗೋಡೆ ಕೀಳಲು ಬಂದವರ ಕೈಯಲ್ಲಿದ್ದದ್ದೂ ಹಾರೆಯೇ. ಗೀರು ತೆಳುವಾದ್ದರಿಂದ ಬೆಳಿಗ್ಗೆ ಬಂದರೆ ನೆರಳಲ್ಲಿ ಏನೂ ಕಾಣದು, ಸಂಜೆ ಎದುರು ಬಿಸಿಲಿಗೆ ಎಲ್ಲ ಮಾಸುತ್ತದೆ. ಚಳಿಗಾಲದಲ್ಲಿ 12.30ರಿಂದ 1.15ರವರೆಗೆ ಬಿಸಿಲು ಗೋಡೆಯ ಮೈಸವರಿ ಇಳಿಯುತ್ತದೆ, ಆಗ ಕೋಣದ ಕೊಂಬು ಕೂಡ ಎಣಿಸಬಹುದು. ಆ ಹೊತ್ತು ತಪ್ಪಿದರೆ ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಪಕ್ಕದಿಂದ ಹಿಡಿಯಿರಿ, ಮೋಡದ ದಿನ ಚೆನ್ನಾಗಿ ಕೆಲಸ ಮಾಡುತ್ತದೆ. ಸುಣ್ಣದ ಬಳಪ, ಹಿಟ್ಟು, ಎಣ್ಣೆ ಬಳಿಯಬೇಡಿ. ಎಣ್ಣೆ ಕಲ್ಲಿನೊಳಗಿಳಿದು ಧೂಳು ಹಿಡಿದು ಗೀರನ್ನೇ ಮುಚ್ಚುತ್ತದೆ.

ನವರಂಗಿ ದರ್ವಾಜಾದಲ್ಲಿ ಸರಕಾರಿ ವಸ್ತುಸಂಗ್ರಹಾಲಯವಿದೆ. ಅದು ಕಚೇರಿ ವೇಳೆಗೆ ನಡೆಯುವಂಥದ್ದು, ರಜೆಯ ದಿನ ಬರಬೇಡಿ. ಅಂಗಳದ ಗೋಡೆಯ ಉಬ್ಬುಚಿತ್ರಗಳನ್ನು ಬಿಡದೆ ನೋಡಿ. ಕೊನೆಗೆ ಏಕ್ ಮಿನಾರ್ ಮಸೀದಿ. ಕಟ್ಟಿದ್ದು 1513ರಲ್ಲಿ, ಯುದ್ಧಕ್ಕೆ ಏಳು ವರ್ಷ ಮೊದಲು. 65 ಅಡಿಯ ಒಂಟಿ ಮಿನಾರು ಅಷ್ಟೆಲ್ಲ ಗದ್ದಲ ಕಂಡೂ ನಿಂತಿದೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಚಪ್ಪಲಿ ಹೊರಗೆ ಬಿಡಿ, ಮಿನಾರಿನ ಹತ್ತಿರ ಹೋಗುವ ಮುನ್ನ ಅಲ್ಲಿದ್ದ ಹಿರಿಯರನ್ನು ಕೇಳಿ. ಸಂಜೆ ಪೇಟೆಯಲ್ಲಿ ಆಟೋ ಇರುವೆಯಂತೆ ಸಾಗುತ್ತದೆ, ರೈಲಿಗೆ ಮುಕ್ಕಾಲು ಗಂಟೆ ಮೊದಲೇ ಹೊರಡಿ. ಮಿರ್ಚಿಗೆ ಹತ್ತು ನಿಮಿಷ ಬೇರೆ.