ಬಿಯರ್ ಮಾಡಲು ಕಲಿಯಬೇಕೇ? ಶುಂಠಿಯಿಂದ ಶುರು ಮಾಡಿ

2009ರಲ್ಲಿ ತಾನೇ ಬಿಯರ್ ತಯಾರಿಸಿ ಮಾರುವ ಡೂಲಾಲಿ ಬಾಗಿಲು ತೆರೆದದ್ದು ಪುಣೆಯಲ್ಲೇ. ಆಗಿನಿಂದ ಈ ಊರಲ್ಲಿ ತಾಜಾ ಬಿಯರ್‌ನ ರುಚಿ ಹತ್ತಿದವರು ಬಹಳ. ಧಾರವಾಡ, ವಿಜಯಪುರ, ಬೆಳಗಾವಿಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮವರೂ ಅದರಲ್ಲಿದ್ದಾರೆ. ಕುಡಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ, ಇದನ್ನು ಮನೆಯಲ್ಲೇ ಮಾಡಬಹುದಾ ಅಂತ.

ನೇರವಾಗಿ ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಅದರ 12ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಾಲ್ಕು ಗೋಡೆಯೊಳಗೆ ಮಾಡಿದರೆ ಯಾರು ಕೇಳುತ್ತಾರೆ ಅಂತ ಹೇಳುವವರು ಸಿಗುತ್ತಾರೆ. ಬಾಡಿಗೆ ಫ್ಲಾಟಿನಲ್ಲಿರುವವರು ಆ ಮಾತು ನಂಬಬೇಡಿ.

ಆದರೆ ಬ್ರೂಯಿಂಗ್, ಅಂದರೆ ಬಿಯರ್ ಮಾಡುವ ಕೆಲಸ, ಕಲಿಯಲು ಬಾರ್ಲಿ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂ ಬೇಕೇ ಬೇಕು ಅಂತೇನಿಲ್ಲ. ಯೀಸ್ಟ್ ಎಂಬ ಹುದುಗಿಸುವ ಸೂಕ್ಷ್ಮಜೀವಿಯನ್ನು ಸಾಕುವುದು, ಪಾತ್ರೆ ಶುಚಿಯಾಗಿಡುವುದು, ಹವೆ ನೋಡಿಕೊಳ್ಳುವುದು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು, ಈ ನಾಲ್ಕನ್ನೂ ಶುಂಠಿ ಬಿಯರ್, ಅಂದರೆ ಶುಂಠಿ-ಸಕ್ಕರೆ ನೀರನ್ನು ಹುದುಗಿಸಿ ಮಾಡುವ ನೊರೆಯ ಪಾನೀಯ, ಕಲಿಸುತ್ತದೆ, ಅದೂ ಒಂದೆರಡು ವಾರದೊಳಗೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯದ ಲೆಕ್ಕಕ್ಕೆ ಬರುತ್ತದೆ. ನಾವು ಅದಕ್ಕಿಂತ ಕೆಳಗೇ ನಿಲ್ಲಿಸಬೇಕು. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಪ್ಪು ತಯಾರಾಗಬೇಕು. ಮೊಸರಿಗೆ ಹೆಪ್ಪು ಇದ್ದ ಹಾಗೆಯೇ ಇದು, ಆದರೆ ಯಾರ ಮನೆಯಿಂದಲೂ ತರಬೇಕಿಲ್ಲ. ಶುಂಠಿಯ ಸಿಪ್ಪೆಯ ಮೇಲೆಯೇ ಯೀಸ್ಟ್ ಇರುತ್ತದೆ. ಹಾಗಾಗಿ ಸಿಪ್ಪೆ ತೆಗೆಯಬೇಡಿ, ಮಣ್ಣು ಹೋಗುವಷ್ಟು ತೊಳೆದರೆ ಸಾಕು. ಮಂಡಈ ತರಕಾರಿ ಮಾರುಕಟ್ಟೆಯಲ್ಲಿ ಸಾತಾರಾ ಕಡೆಯ ಶುಂಠಿ ಕೇಳಿ ತನ್ನಿ. ಪ್ಲಾಸ್ಟಿಕ್ ಸುತ್ತಿ ಹೊಳೆಯುವ ಹಾಗೆ ಪಾಲಿಶ್ ಮಾಡಿಟ್ಟದ್ದಕ್ಕಿಂತ ಮಣ್ಣು ಮೆತ್ತಿದ ಗಟ್ಟಿ ಶುಂಠಿಯೇ ಒಳ್ಳೆಯದು.

ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರನ್ನು ಗಾಜಿನ ಭರಣಿಗೆ ಹಾಕಿ. ನಲ್ಲಿ ನೀರನ್ನು ಹಾಗೇ ಹಾಕಬೇಡಿ, ಅದರಲ್ಲಿರುವ ಕ್ಲೋರಿನ್ ಯೀಸ್ಟನ್ನೂ ಬಿಡುವುದಿಲ್ಲ. ಎರಡು ಚಮಚ ತುರಿದ ಶುಂಠಿ, ಎರಡು ಚಮಚ ಸಕ್ಕರೆ ಹಾಕಿ ಕಲಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ಇಷ್ಟೇ ಶುಂಠಿ, ಇಷ್ಟೇ ಸಕ್ಕರೆ ಮತ್ತೆ ಹಾಕಿ ಕಲಕುತ್ತಿರಿ. ನಾಲ್ಕರಿಂದ ಆರು ದಿನದಲ್ಲಿ ಕಲಕಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದೆ, ಹುಳಿ-ಖಾರದ ಒಳ್ಳೆ ವಾಸನೆ ಬರುತ್ತದೆ. ಅಲ್ಲಿಗೆ ಹೆಪ್ಪು ರೆಡಿ. ಅಡಿಯಲ್ಲಿ ಬಿಳಿ ಗಸಿ ನಿಂತರೆ ಹೆದರಬೇಡಿ. ಮೇಲೆ ಹಸಿರು, ಕಪ್ಪು ಅಥವಾ ಗುಲಾಬಿ ಬೂಸ್ಟು ಕಂಡರೆ ಮಾತ್ರ ಪೂರ್ತಿ ಚೆಲ್ಲಿ. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಬೇಡ.

ಇಂಗ್ಲೆಂಡಿನಲ್ಲಿ ಹಿಂದೆ ಶುಂಠಿ ಬಿಯರನ್ನು ಬೇರೊಂದು ಬಗೆಯ, ಹರಳಿನಂಥ ಹೆಪ್ಪಿನಿಂದ ಮಾಡುತ್ತಿದ್ದರು. ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ಅದನ್ನು ಬಿಡಿಸಿ ನೋಡಿ, ಒಂದು ಯೀಸ್ಟ್ ಮತ್ತು ಒಂದು ಬ್ಯಾಕ್ಟೀರಿಯಾ ಜೊತೆಯಾಗಿ ಬದುಕುತ್ತವೆ ಅಂತ ತೋರಿಸಿದ. ನಮ್ಮ ಭರಣಿಯಲ್ಲೂ ಯೀಸ್ಟ್ ಒಂಟಿಯಾಗಿರುವುದಿಲ್ಲ. ಆ ಹುಳಿ ಬ್ಯಾಕ್ಟೀರಿಯಾದ ಕೆಲಸ.

ಈಗ ಶುಂಠಿ ನೀರು. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಲಿಂಬೆಹುಳಿ ಬೀಳುವುದರಿಂದ ಅಲ್ಯೂಮಿನಿಯಂ, ಹಿತ್ತಾಳೆ ಬೇಡ. 2 ಲೀಟರ್ ನೀರಿಗೆ 120 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಹದಿನೈದು ನಿಮಿಷ ಕುದಿಸಿ. ಕೊಲ್ಹಾಪುರದ ಬೆಲ್ಲ ಹಾಕಿದರೆ ಬಣ್ಣವೂ ರುಚಿಯೂ ಬೇರೆಯೇ. ನನಗೆ ಅದೇ ಇಷ್ಟ, ಆದರೆ ಮೊದಲ ಸಲ ಸಕ್ಕರೆಯಲ್ಲೇ ಮಾಡಿ, ಲೆಕ್ಕ ಸುಲಭ. ಮುಚ್ಚಿಟ್ಟು ಪೂರ್ತಿ ಆರಲು ಬಿಡಿ. ಪಾತ್ರೆ ಮುಟ್ಟಿದರೆ ಬೆಚ್ಚಗೂ ಇರಬಾರದು. ಅವಸರ ಮಾಡಿ ಬಿಸಿಯಲ್ಲೇ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ. ಆರಿದ ಮೇಲೆ ಸೋಸಿ, ಮೂರು ಲಿಂಬೆಹಣ್ಣಿನ ರಸ ಹಿಂಡಿ, ಹೆಪ್ಪಿನ ನೀರನ್ನು ಅರ್ಧ ಕಪ್ ಸೋಸಿ ಹಾಕಿ ಕಲಕಿ.

ಇಲ್ಲಿಂದ ಮುಂದೆ ಎಚ್ಚರ ಬೇಕು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಎರಡೂ ತೂಕದಲ್ಲಿ ಹೆಚ್ಚುಕಡಿಮೆ ಸಮ. ಬಾಟಲಿ ಮುಚ್ಚಿದ್ದರೆ ಅನಿಲ ಒಳಗೇ ಕರಗಿ ಸೋಡಾದಂತಾಗುತ್ತದೆ. ಒತ್ತಡ ಮಿತಿ ಮೀರಿದರೆ ಬಾಟಲಿ ಒಡೆಯುತ್ತದೆ. ಗಾಜು ಒಡೆದರೆ ಚೂರು ಕಣ್ಣಿಗೂ ಹಾರಬಹುದು. ಅದಕ್ಕೇ ಮೊದಲು ಗಾಜಿನ ಬಾಟಲಿ ಬೇಡವೇ ಬೇಡ. ಕೋಲಾ, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೇ ಸರಿ, ಅದನ್ನು ಮಾಡಿರುವುದೇ ಒತ್ತಡ ತಡೆಯಲು. ಬರೀ ನೀರಿನ ಬಾಟಲಿ ತೆಳು, ಅದು ಆಗದು. ಸೋಪಿನಲ್ಲಿ ತೊಳೆದು, ಸೋಪಿನ ವಾಸನೆ ಹೋಗುವವರೆಗೆ ಜಾಲಿಸಿ, ಬಗ್ಗಿಸಿಟ್ಟು ಒಣಗಿಸಿ. ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿಸಿ, ಮುಚ್ಚಳ ಬಿಗಿ ಮಾಡಿ.

ಇದೇ ನೀರನ್ನು ಒಂದೆರಡು ಸಣ್ಣ ಬಾಟಲಿಗೂ ತುಂಬಿಸಿ ಪಕ್ಕದಲ್ಲಿಡಿ. ಅವು ಪರೀಕ್ಷೆಗೆ. ಈ ಹವ್ಯಾಸಕ್ಕೆ ಖರ್ಚು ಮಾಡಿ ಕೊಳ್ಳಲೇಬೇಕಾದ ವಸ್ತು ಒಂದೇ, ಹೈಡ್ರೋಮೀಟರ್. ಬಿಯರ್ ಮಾಡುವವರು ಬಳಸುವುದೂ ಇದನ್ನೇ. ನೀರಿನಲ್ಲಿ ಸಕ್ಕರೆ ಎಷ್ಟಿದೆ ಅಂತ ಇದು ತೇಲಿ ತೋರಿಸುತ್ತದೆ. ಶುರುವಿನಲ್ಲಿ 1.035ರಿಂದ 1.040ರ ನಡುವೆ ಎಲ್ಲೋ ನಿಲ್ಲುತ್ತದೆ, ಆ ಅಂಕಿ ಬರೆದಿಡಿ. ಹೆಪ್ಪು ಹಾಕಿದ ಮಾರನೆಯ ದಿನದಿಂದ ಸಣ್ಣ ಬಾಟಲಿಯದನ್ನು ತೆಗೆದು, ಗುಳ್ಳೆ ಹೋಗುವ ಹಾಗೆ ಚೆನ್ನಾಗಿ ಕಲಕಿ, ಮತ್ತೆ ಅಳೆಯಿರಿ. ಗುಳ್ಳೆ ಉಳಿದರೆ ಅವು ಹೈಡ್ರೋಮೀಟರನ್ನು ಮೇಲೆತ್ತಿ ತಪ್ಪು ಅಂಕಿ ತೋರಿಸುತ್ತವೆ. ಮೊದಲ ಅಂಕಿಯಿಂದ ಈಗಿನದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತ ಅಂದಾಜು ಸಿಗುತ್ತದೆ. 1.038 ಇದ್ದದ್ದು 1.035 ಆದರೆ ಸುಮಾರು 0.4. ಅಷ್ಟಾದ ಕೂಡಲೇ ಎಲ್ಲಾ ಬಾಟಲಿಗಳೂ ಫ್ರಿಜ್‌ಗೆ ಹೋಗಬೇಕು. ಅಷ್ಟು ಹೊತ್ತಿಗೆ ಹದವಾದ ನೊರೆಯೂ ಬಂದಿರುತ್ತದೆ, ಕೋಲಾದಷ್ಟು ಅಲ್ಲ, ಆದರೂ ನಾಲಿಗೆಗೆ ಚುರುಕು ಮುಟ್ಟುತ್ತದೆ. ಕೈಯಿಂದಲೂ ದಿನಕ್ಕೆ ಎರಡು ಸಲ ಬಾಟಲಿ ಒತ್ತಿ ನೋಡಿ. ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದರೆ ಆಗಲೇ ತಡವಾಗಿದೆ ಅಂತ ಅರ್ಥ.

ಎಷ್ಟು ಹೊತ್ತು ಬೇಕು ಅನ್ನುವುದು ಪುಣೆಯ ಹವೆಯ ಕೈಯಲ್ಲಿದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಒಂದು ದಿನಕ್ಕೇ ಆಗಿಬಿಡಬಹುದು, ಆಗ ಬಾಟಲಿಗಳನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ನೆಲದ ಮೇಲಿಡಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ಮೂರ್ನಾಲ್ಕು ದಿನ ಹಿಡಿದರೂ ತಾಳ್ಮೆ ಇರಲಿ, ಸುಮ್ನೆ ಹೆಪ್ಪು ಜಾಸ್ತಿ ಸುರಿಯಬೇಡಿ. ಮಳೆಗಾಲದ 25 ಡಿಗ್ರಿ ಆಸುಪಾಸು ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಸಲ ಮಾಡುವವರು ಜುಲೈವರೆಗೆ ಕಾದರೂ ಒಳ್ಳೆಯದೇ.

ಫ್ರಿಜ್‌ನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಸಾಯುವುದಿಲ್ಲ. ಹಾಗಾಗಿ ಒಂದು ವಾರದೊಳಗೆ ಕುಡಿದು ಮುಗಿಸಿ, ಮುಚ್ಚಳವನ್ನು ನಿಧಾನವಾಗಿ, ಮುಖದಿಂದ ದೂರ ಹಿಡಿದು ತೆಗೆಯಿರಿ. ಎಷ್ಟೇ ಕಡಿಮೆ ಅಂದರೂ ಸ್ವಲ್ಪ ಆಲ್ಕೋಹಾಲ್ ಇರುತ್ತದೆ ಅಲ್ವಾ, ಮಕ್ಕಳಿಗೆ, ಬಸುರಿಯರಿಗೆ, ಅದನ್ನು ಮುಟ್ಟದವರಿಗೆ ಕೊಡಬೇಡಿ, ಮನೆಗೆ ಬಂದವರಿಗೆ ಮೊದಲೇ ಹೇಳಿ ಕೊಡಿ.

ಉಳಿದ ಹೆಪ್ಪಿಗೆ ತೆಗೆದಷ್ಟೇ ನೀರು ಸೇರಿಸಿ, ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ ಫ್ರಿಜ್‌ನಲ್ಲಿಡಿ. ವಾರಕ್ಕೊಮ್ಮೆ ಇಷ್ಟು ಕೊಟ್ಟರೆ ಬದುಕಿರುತ್ತದೆ. ದೀಪಾವಳಿಗೆ ಊರಿಗೆ ಹೋಗುವುದಿದ್ದರೆ ಹೋಗುವ ದಿನ ಉಣಿಸಿ, ಮುಚ್ಚಳ ಸಡಿಲ ಬಿಟ್ಟು ಫ್ರಿಜ್‌ನಲ್ಲಿಟ್ಟು ಹೋಗಿ, ಬಂದ ಮೇಲೆ ಎರಡು ದಿನ ಹೊರಗಿಟ್ಟು ದಿನಾ ಉಣಿಸಿದರೆ ಮತ್ತೆ ಗುಳ್ಳೆ ಏಳುತ್ತದೆ.